ಕಷಾಯದ ರುಚಿ ನೋಡುವವಳು

ಅವಳ ನಿಜವಾದ ಹೆಸರು ಹಾಜರಿ ತೆಗೆದುಕೊಳ್ಳುವವನಿಗೆ ಬಿಟ್ಟರೆ ಆ ಕಾರ್ಖಾನೆಯಲ್ಲಿ ಇನ್ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ನಾಲಿಗಕ್ಕ. ಕೊಪ್ಪರಿಗೆಯಲ್ಲಿ ಕುದಿಯುವ ಕಷಾಯ ಹದಕ್ಕೆ ಬಂತೋ ಇಲ್ಲವೋ ಎಂದು ರುಚಿ ನೋಡಿ ಹೇಳುವುದು ಅವಳ ಕೆಲಸ, ಅದಕ್ಕೆ ಆ ಹೆಸರು. ಇನ್ನೂ ಒಂದು ಕಾರಣವಿದೆ ಎಂದು ಅವಳ ಬೆನ್ನ ಹಿಂದೆ ಹೇಳುತ್ತಿದ್ದರು. ತಪ್ಪು ಕಂಡರೆ ಅವಳು ಯಜಮಾನರ ಅಪ್ಪ ಬಂದರೂ ಬಿಡುವವಳಲ್ಲ. ಬೆಂಕಿ ಜಾಸ್ತಿ ಮಾಡಿ ರಸ ಸೀಯಿಸಿದ ಕೊಪ್ಪರಿಗೆಯವನನ್ನು ಅವಳು ಒಮ್ಮೆ ಬೈದ ಬೈಗುಳಕ್ಕೆ, ಅವನು ಮಾರನೆಯ ದಿನ ಕಿವಿಗೆ ಹತ್ತಿ ಇಟ್ಟುಕೊಂಡು ಬಂದಿದ್ದನಂತೆ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ತಗಡಿನ ಮಾಡು, ಒಳಗೆ ಸಾಲಾಗಿ ತಾಮ್ರದ ಕೊಪ್ಪರಿಗೆಗಳು, ಮೂಲೆಯಲ್ಲಿ ಗೋಣಿಚೀಲ ತುಂಬ ಬೇರು, ತೊಗಟೆ, ಬೀಜ. ಆ ಗಿಡಗಳ ಹೆಸರು ಯಜಮಾನರಿಗೆ ಮಾತ್ರ ಗೊತ್ತು. ಕೆಲಸದವರ ಮಟ್ಟಿಗೆ ಅವು ಕರಿಬೇರು, ಕೆಂಪು ತೊಗಟೆ, ಇಲಿಕಣ್ಣಿನ ಬೀಜ, ಅಷ್ಟೇ. ಅವನ್ನು ನೆನೆಹಾಕಿ, ಜಜ್ಜಿ, ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಬತ್ತಿಸಿದರೆ ಕಪ್ಪು ರಸ ಸಿಗುತ್ತಿತ್ತು. ಬೆದೆಗೆ ಬಾರದ ಹಸುವಿಗೆ ಅದನ್ನು ಕುಡಿಸಿದರೆ ಬೆದೆಗೆ ಬರುತ್ತದೆ, ಈದ ಮೇಲೆ ಮಾಸು ಬೀಳದಿದ್ದರೆ ಬೀಳುತ್ತದೆ ಎಂದು ದನ ಸಾಕುವವರೆಲ್ಲ ನಂಬಿದ್ದರು. ಬರೀ ನಂಬಿಕೆ ಎಂದು ತಳ್ಳಿಹಾಕುವ ಹಾಗೂ ಇರಲಿಲ್ಲ. ಬರಡು ಎಂದು ಕೈಬಿಟ್ಟಿದ್ದ ಹಸು ಕರು ಹಾಕಿತೆಂದು ಕ್ಯಾನು ತುಂಬ ಹಾಲು ತಂದು ಬಾಗಿಲಲ್ಲಿ ಇಟ್ಟು ಹೋದವರಿದ್ದರು.

ಅದೇ ಕೊಪ್ಪರಿಗೆಯ ಅದೇ ರಸಕ್ಕೆ ನೀರು ಬೆರೆಸಿ, ಸಕ್ಕರೆ ಪಾಕ ಸುರಿದು, ಗುಲಾಬಿ ವಾಸನೆ ಹಾಕಿ ಗಾಜಿನ ಬಾಟಲಿಗೆ ತುಂಬಿದರೆ ಅದು ಹೆಂಗಸರ ಟಾನಿಕ್. “ಕೊಂಬಿರೋ ತಾಯಿ ಆದ್ರೇನು, ಜಡೆ ಇರೋ ತಾಯಿ ಆದ್ರೇನು, ಗರ್ಭಕೋಶ ಒಂದೇ ತಾನೆ?” ಎಂದು ಯಜಮಾನರು ನಗುತ್ತಿದ್ದರು. ಅವರದು ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಎದುರು ನಿಂತವರಿಗೂ ನಗು ಬಂದುಬಿಡುತ್ತಿತ್ತು.

ಒಂದೇ ಎಂದವರು ಒಂದು ವಿಷಯದಲ್ಲಿ ಮಾತ್ರ ಬೇರೆ ಮಾಡಿದ್ದರು. ಹಸುವಿನ ಡಬ್ಬಿಗೆ ಒಂದು ಕೆಂಪು ಪಟ್ಟಿ ಅಂಟಿಸಬೇಕಿತ್ತು. “ಗಬ್ಬದ ದನಕ್ಕೆ ಕೊಡಕೂಡದು” ಎಂದು ದಪ್ಪ ಅಕ್ಷರದಲ್ಲಿ. ಹಿಂದೆ ಆ ಪಟ್ಟಿ ಇರಲಿಲ್ಲ. ಯಾರೋ ಗೊತ್ತಿಲ್ಲದೆ ಗಬ್ಬದ ಹಸುವಿಗೆ ಕುಡಿಸಿ, ಅದು ದಿನ ತುಂಬದೆ ಕಂದು ಹಾಕಿ, ಹಸುವಿನವನು ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಬಡಿಗೆ ಹಿಡಿದು ಗೇಟಿಗೆ ಬಂದ ಮೇಲೆ ಅಚ್ಚಾದ ಪಟ್ಟಿ ಅದು. ಹೆಂಗಸಿನ ಬಸಿರು ಇಳಿದರೆ ಬಡಿಗೆ ಹಿಡಿದು ಯಾರು ಬರುತ್ತಾರೆ? ಮನೆಯವರೆಲ್ಲ ಸೇರಿ ಅವಳನ್ನೇ ಬೈಯುತ್ತಾರೆ. ಹಾಗಾಗಿ ಗಾಜಿನ ಬಾಟಲಿಗೆ ಪಟ್ಟಿ ಇಲ್ಲ. ಅದರ ಮೇಲೆ ನಗುವ ಹೆಂಗಸಿನ ಚಿತ್ರ, ಕೆಳಗೆ “ಎಲ್ಲ ಹೆಂಗಸರಿಗೂ, ಎಲ್ಲ ಕಾಲಕ್ಕೂ” ಎಂಬ ಮಾತು.

ಆ ಕೆಂಪು ಪಟ್ಟಿಯನ್ನು ಅಂಟಿಸುತ್ತಿದ್ದವರೂ ಹೆಂಗಸರೇ. ಬೆರಳಿಗೆ ಅಂಟು ಮೆತ್ತಿಕೊಂಡು, ಸಾಲಾಗಿ ಕುಳಿತು, ಮನೆಯ ಸುದ್ದಿ ಮಾತಾಡುತ್ತ ಅಂಟಿಸುತ್ತಿದ್ದರು. ಹದ ನೋಡುವವಳು ಅದೇ ರಸವನ್ನು ನೀರಿಲ್ಲದೆ, ಪಾಕವಿಲ್ಲದೆ ಪ್ರತಿ ಕೊಪ್ಪರಿಗೆಗೂ ಕುಡಿಯುತ್ತಾಳೆ, ಅವಳೂ ಬಸುರಿಯಾಗಬಹುದು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ದನದ ಮಾತು ದನಕ್ಕೆ ಎಂದುಕೊಂಡರು. ಬೇರೆ ಕಡೆ ಇಂಥ ತಪ್ಪು ಆಗುತ್ತಿರಲಿಲ್ಲವೇನೋ. ದಿನವೂ ಕೈಯಲ್ಲಿ ಹಿಡಿಯುವ ಅಕ್ಷರವನ್ನು ಯಾರು ಓದುತ್ತಾರೆ?

ಕುಡಿಯುವುದು ಎಂದರೆ ನಿಜವಾಗಿ ಕುಡಿಯುವುದೇ. ಉಗುಳುವ ಹಾಗಿರಲಿಲ್ಲ. ನಾಲಿಗಕ್ಕನಿಗೆ ಈ ವಿದ್ಯೆ ಕಲಿಸಿದ್ದು ಅವಳಿಗಿಂತ ಮುಂಚೆ ಅಲ್ಲಿದ್ದ ಒಬ್ಬ ಮುದುಕಿ. ಚಮಚದ ರಸ ಬಾಯಿಗೆ ಬಿದ್ದ ಕೂಡಲೇ ತುದಿನಾಲಿಗೆ ಜುಮ್ಮೆನ್ನಬೇಕು, ಆಮೇಲೆ ಅಂಚಿಗೆ ಒಗರು ಹತ್ತಬೇಕು, ನುಂಗಿ ಉಸಿರು ಬಿಟ್ಟ ಮೇಲೆ ಗಂಟಲ ಬುಡದಲ್ಲಿ ಕಹಿ ಬಂದು ಕೂರಬೇಕು. ಆ ಕೊನೆಯ ಕಹಿ ನುಂಗದವರಿಗೆ ಸಿಕ್ಕುವುದಿಲ್ಲ. “ಉಗುಳೋಳು ಔಷಧಿಗೆ ಅವಮಾನ ಮಾಡ್ದಂಗೆ” ಎನ್ನುತ್ತಿದ್ದಳು ಮುದುಕಿ. ಕಹಿ ಮುಂಚೆ ಬಂದರೆ ಹದ ಮೀರಿದೆ, ತಡವಾಗಿ ಬಂದರೆ ಇನ್ನೂ ಬತ್ತಬೇಕು. ಅನುಮಾನ ಬಂದರೆ ಇನ್ನೊಂದು ಚಮಚ. ಮಳೆಗಾಲದಲ್ಲಿ ಬೇರು ಒದ್ದೆಯಾಗಿದ್ದಾಗ ಅನುಮಾನವೂ ಜಾಸ್ತಿ, ಚಮಚವೂ ಜಾಸ್ತಿ.

ಮುದುಕಿಗೆ ಮಕ್ಕಳಿರಲಿಲ್ಲ. ಅವಳಿಗಿಂತ ಮುಂಚೆ ಇದ್ದವಳಿಗೂ ಇರಲಿಲ್ಲವಂತೆ. ದೀಪದ ಬುಡದಲ್ಲಿ ಕತ್ತಲೆ ಎಂದು ಜನ ಗಾದೆ ಹೇಳಿ ನಕ್ಕು ಸುಮ್ಮನಾದರು. ಈ ಗಾದೆಗಳಿಗಿಷ್ಟು ಬೆಂಕಿ ಬೀಳಲಿ! ಯೋಚನೆ ಮಾಡಬೇಕಾದ ಕಡೆಯಲ್ಲೆಲ್ಲ ಒಂದು ಗಾದೆ ರೆಡಿ ಇರುತ್ತದೆ.

ನಾಲಿಗಕ್ಕನಿಗೋ ಆ ಕೆಲಸವೆಂದರೆ ಜಂಬ. ಕಿಟಕಿಯ ಪಕ್ಕ ಅವಳಿಗೆಂದೇ ಒಂದು ಎತ್ತರದ ಸ್ಟೂಲು, ಅವಳಿಗೆಂದೇ ಉದ್ದ ಹಿಡಿಯ ಕಂಚಿನ ಚಮಚ. ಅವಳು “ಆಯ್ತು” ಎನ್ನುವವರೆಗೆ ಬೆಂಕಿ ಆರಿಸುವ ಹಾಗಿಲ್ಲ. ಕೊಪ್ಪರಿಗೆಯವನು ಎರಡೂ ಕೈ ಕಟ್ಟಿಕೊಂಡು ಅವಳ ಗಂಟಲನ್ನೇ ನೋಡುತ್ತ ನಿಲ್ಲುತ್ತಿದ್ದ. ಬೀದಿಯಲ್ಲಿ ಯಾರಾದರೂ “ಏನಕ್ಕಾ, ದನದ ಔಷಧಿ ಕುಡಿಯೋಳಂತೆ?” ಎಂದು ರೇಗಿಸಿದರೆ, “ಹೌದಪ್ಪ, ನಿನ್ನಂಥ ದನಗಳು ಹುಟ್ಟಬೇಕಲ್ಲ, ಅದಕ್ಕೆ” ಎಂದು ತಿರುಗಿಸಿ ಕೊಡುತ್ತಿದ್ದಳು.

ಮದುವೆಯಾಗಿದ್ದು ಬೀಗ ರಿಪೇರಿಯವನ ಜೊತೆ. ಅವನಿಗೆ ಮಾತು ಕಡಿಮೆ, ಬಲು ಸಾಧು. “ಊರವರ ಬೀಗ ಎಲ್ಲಾ ತೆಗೀತಾರೆ, ತಮ್ಮ ಬಾಯಿ ಬೀಗ ತೆಗೆಯೋ ಕೀಲಿ ಮಾತ್ರ ಎಲ್ಲೋ ಕಳ್ಕೊಂಡಿದ್ದಾರೆ” ಎಂದು ಅವಳು ಎಲ್ಲರೆದುರು ಆಡಿಕೊಳ್ಳುತ್ತಿದ್ದಳು. ಅವನು ನಗುತ್ತಿದ್ದ. ಮನೆಯಲ್ಲಿ ಕೊರತೆ ಎಂದರೆ ಒಂದೇ. ಅವಳು ಬಸುರಿಯಾಗುತ್ತಿದ್ದಳು, ಬಸಿರು ನಿಲ್ಲುತ್ತಿರಲಿಲ್ಲ. ಮೊದಲ ಸಲ, ಭಾರ ಎತ್ತಿದ್ದಕ್ಕೆ ಎಂದರು. ಇನ್ನೊಂದು ಸಲ, ಮೆಟ್ಟಿಲು ಹತ್ತಿದ್ದಕ್ಕೆ ಎಂದರು. ಆಮೇಲೆ ಕಾರಣಗಳು ಮುಗಿದು ಹಣೆಬರಹ ಎಂದರು. ಅತ್ತೆ ಬದುಕಿದ್ದಷ್ಟು ದಿನ ಅದೇ ಮಾತಿನಿಂದ ಬೆಳಗು ಮಾಡಿದಳು. ಯಜಮಾನರು ಮಾತ್ರ ಬಹಳ ಕನಿಕರ ತೋರಿಸಿದರು. ಗಾಜಿನ ಬಾಟಲಿಗಳ ಒಂದು ಪೆಟ್ಟಿಗೆಯನ್ನೇ ಮನೆಗೆ ಕಳಿಸಿದರು. “ನಮ್ಮ ಟಾನಿಕ್ಕೇ ಕುಡಿಯಮ್ಮ, ನಿನಗೆ ಪುಕ್ಕಟೆ” ಎಂದರು. ಕಾರ್ಖಾನೆಯಲ್ಲಿ ಚಮಚ, ಮನೆಯಲ್ಲಿ ಲೋಟ. ಅವಳು ಕೈಮುಗಿದು ಇಸಿದುಕೊಂಡಳು, ಒಂದು ದಿನವೂ ತಪ್ಪಿಸದೆ ಕುಡಿದಳು. ಅದನ್ನು ನೆನೆದರೆ ಹೇಳುವವರಿಗೇ ಮೈಯೆಲ್ಲ ಉರಿಯುತ್ತದೆ.

ಕಾಲ ಕಳೆಯಿತು. ಹೆರುವ ವಯಸ್ಸು ಮುಗಿಯಿತು. ಆಮೇಲೆ ನಾಲಿಗೆಯೂ ಮಂದವಾಗತೊಡಗಿತು. ಒಂದು ಕೊಪ್ಪರಿಗೆ ಹದ ಮೀರಿದ್ದು ಅವಳಿಗೆ ತಿಳಿಯದೇ ಹೋದಾಗ ಯಜಮಾನರು ಬೈಯಲಿಲ್ಲ. ಹತ್ತಿರ ಕರೆದು, “ಇನ್ನು ಯಾರಿಗಾದ್ರೂ ಕಲಿಸಮ್ಮ. ನಿನ್ನ ತಂಗಿ ಮಗಳು ಪಟ್ಟಿ ಅಂಟಿಸ್ತಾಳಲ್ಲ, ಅವಳಿಗೆ ಒಳ್ಳೆ ನಾಲಿಗೆ ಇದೆಯಂತೆ” ಎಂದರು. ನಾಲಿಗಕ್ಕನಿಗೆ ಕಣ್ಣಲ್ಲಿ ನೀರೇ ಬಂತು. ತನ್ನ ಸ್ಟೂಲು ಮನೆಯಲ್ಲೇ ಉಳಿಯುತ್ತದಲ್ಲ ಎಂದು.

ಆ ಹುಡುಗಿಯನ್ನು ಹೆತ್ತದ್ದು ತಂಗಿ, ಹೊತ್ತು ತಿರುಗಿದ್ದು ನಾಲಿಗಕ್ಕ. ತಲೆ ಬಾಚಿದ್ದು, ಶಾಲೆಗೆ ಬಿಟ್ಟದ್ದು, ಮೊನ್ನೆ ಮೊನ್ನೆ ಗೋಡೆಗೆ ಬಣ್ಣ ಹೊಡೆಯುವ ಒಬ್ಬ ಒಳ್ಳೆಯ ಹುಡುಗನನ್ನು ನೋಡಿ ಮದುವೆ ಮಾಡಿಸಿದ್ದು ಎಲ್ಲ ಅವಳೇ. ಹುಡುಗಿಗೂ ದೊಡ್ಡಮ್ಮನ ಸ್ಟೂಲಿನ ಮೇಲೆ ಚಿಕ್ಕಂದಿನಿಂದ ಕಣ್ಣು. ಊರಾಚೆಯ ವ್ಯಾಪಾರಿಗಳು ಕಾರ್ಖಾನೆ ನೋಡಲು ಬರುವವರಿದ್ದರು. ಅವರೆದುರಿಗೆ ಹುಡುಗಿ ಮೊದಲ ಚಮಚ ಕುಡಿದು, ಅಂದಿನಿಂದ ಕೆಲಸ ವಹಿಸಿಕೊಳ್ಳಬೇಕು ಎಂದು ಯಜಮಾನರು ಗೊತ್ತು ಮಾಡಿದರು. ಅಲ್ಲಿಯವರೆಗೆ ನೀರಲ್ಲಿ ಉಪ್ಪು, ಒಗರು, ಹುಳಿ ಬೆರೆಸಿ ಅಭ್ಯಾಸ.

ಒಂದು ಮಧ್ಯಾಹ್ನ ಬಾಟಲಿ ತೊಳೆಯುವ ಕೋಣೆಯ ಹಿಂದೆ ಊಟದ ಡಬ್ಬಿ ಬಿಚ್ಚಿ ಕುಳಿತಿದ್ದಾಗ ಹುಡುಗಿ ಪಿಸುಗುಟ್ಟಿದಳು.

“ದೊಡ್ಡಮ್ಮ, ಯಾರಿಗೂ ಹೇಳ್ಬೇಡ. ನಿಂತಿದೆ.”

“ಏನೇ ನಿಂತಿದ್ದು? ನಲ್ಲಿ ನೀರಾ?”

“ಅಯ್ಯೋ, ಇನ್ನೇನು ನಿಲ್ಲುತ್ತೆ! ತಿಂಗಳದ್ದು.”

ನಾಲಿಗಕ್ಕ ಡಬ್ಬಿಯನ್ನು ನೆಲಕ್ಕಿಟ್ಟು ಹುಡುಗಿಯ ಎರಡೂ ಕೆನ್ನೆ ಹಿಡಿದಳು. ಹುಡುಗಿ ನಾಚಿಕೊಂಡು ತಮಾಷೆಗೆ ಇಳಿದಳು. ಬೆರಳಿಗೆ ಅಂಟಿಕೊಂಡು ಬಂದಿದ್ದ ಒಂದು ಕೆಂಪು ಪಟ್ಟಿಯನ್ನು ಬಿಡಿಸಿ ತನ್ನ ಹಣೆಗೆ ಅಂಟಿಸಿಕೊಂಡಳು.

“ನೋಡು, ಇನ್ನು ನಂಗೂ ಇದನ್ನ ಅಂಟಿಸ್ಕೊಂಡು ಓಡಾಡಬೇಕು. ಗಬ್ಬದ ದನ!”

ಇಬ್ಬರೂ ನಕ್ಕರು. ಹುಡುಗಿ ಇನ್ನೂ ನಗುತ್ತಿದ್ದಳು, ನಾಲಿಗಕ್ಕನ ನಗು ನಡುವೆಯೇ ನಿಂತುಹೋಯಿತು. ಆ ಅಕ್ಷರಗಳನ್ನು ಅವಳು ಲಕ್ಷ ಸಲ ನೋಡಿದ್ದಳು. ಮನುಷ್ಯರ ಮುಖದ ಮೇಲೆ ನೋಡಿದ್ದು ಅದೇ ಮೊದಲು.

ಆ ಸಂಜೆ ಅವಳು ಒಲೆ ಹಚ್ಚಲಿಲ್ಲ. ಬೀಗದವನು ಅಂಗಡಿ ಮುಚ್ಚಿ ಬಂದಾಗ ಅಡುಗೆಮನೆಯ ಹೊಸಿಲ ಮೇಲೆ ಕುಳಿತೇ ಇದ್ದಳು. ಹುಡುಗಿ ಬಸುರಿಯಾದದ್ದು, ಹಣೆಯ ಮೇಲಿನ ಪಟ್ಟಿ, ಎಲ್ಲವನ್ನೂ ಹೇಳಿ ಕೊನೆಗೆ ಕೇಳಿದಳು.

“ನಮ್ಗೆ ಆದದ್ದೆಲ್ಲ ಆ ಕಷಾಯದಿಂದ ಇರಬಹುದು ಅಂತ ನಿಮ್ಗೆ ಯಾವತ್ತಾದ್ರೂ ಅನ್ನಿಸಿತ್ತಾ?”

ಅವನು ಕೀಲಿಗೊಂಚಲನ್ನು ಮೊಳೆಗೆ ತಗುಲಿಸಿದ.

“ಅನ್ನಿಸಿತ್ತು.”

“ಅನ್ನಿಸಿತ್ತಾ? ಮತ್ತೆ ಬಾಯಲ್ಲಿ ಏನು ಇಟ್ಕೊಂಡಿದ್ರಿ?”

“ನಿನಗೆ ಆ ಕೆಲಸ ಅಂದ್ರೆ ಪ್ರಾಣ. ಹೇಳಿದ್ರೆ ಕಿತ್ಕೊಂಡಂಗೆ ಆಗುತ್ತೆ ಅಂತ… ಆಮೇಲೆ, ನಂಗೇನು ಗೊತ್ತು? ನಾನು ಬೀಗದವನು.”

ಅವಳು ಕೈಗೆ ಸಿಕ್ಕ ಪಾತ್ರೆಯನ್ನು ಗೋಡೆಗೆ ಬೀಸಿದಳು. ಅದು ಬೀಗದವನ ತಲೆಯ ಪಕ್ಕದಲ್ಲೇ ಹಾದು ಹೋಯಿತು. ಅವನು ಕದಲಲಿಲ್ಲ, ಹೋಗಿ ಅದನ್ನು ಎತ್ತಿಟ್ಟ. ಸಾಧು ಗಂಡನನ್ನು ಮೆಚ್ಚುವವರು ಒಮ್ಮೆ ಇಂಥ ಹೊಸಿಲ ಮೇಲೆ ಕುಳಿತು ನೋಡಬೇಕು. ಒಂದು ಮಾತು ಆಡದೆ ಉಳಿಸಿಕೊಂಡ ಪ್ರೀತಿಯಿಂದ ಆ ಮನೆಯ ತೊಟ್ಟಿಲಿಗೆ ಏನು ಬಂತು? ಅವನಿಗೂ ಅದು ಗೊತ್ತಿತ್ತು.

ಮಾರನೆಯ ದಿನ ಅವಳು ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕೇಳಿದಳು. ಆಕೆ ಒಳ್ಳೆಯ ಹೆಂಗಸು, ಕೂರಿಸಿ ಮಾತಾಡಿಸಿದಳು. “ಅದರಲ್ಲಿ ಏನೇನಿದೆ ಅಂತ ಗೊತ್ತಾಗದೆ ಹೇಗೆ ಹೇಳ್ಲಮ್ಮ? ಅದರಿಂದ ಇರಬಹುದು, ಇಲ್ಲದೇನೂ ಇರಬಹುದು. ಆದ್ರೆ ಬಸುರಿ ಆದವಳು ಮುಟ್ಟದೇ ಇರೋದು ಒಳ್ಳೇದು.” ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಪಾಪ, ಡಾಕ್ಟರೂ ಏನು ಮಾಡಿಯಾಳು? ಹೋದದ್ದಕ್ಕೆ ಲೆಕ್ಕ ಹೇಳುವವರು ಯಾರೂ ಇಲ್ಲ. ಇರುವುದನ್ನಾದರೂ ಉಳಿಸಿಕೊಳ್ಳಬೇಕು ಎಂದುಕೊಂಡು ನಾಲಿಗಕ್ಕ ಅಲ್ಲಿಂದ ನೆಟ್ಟಗೆ ಯಜಮಾನರ ಕೋಣೆಗೆ ನುಗ್ಗಿದಳು.

ಯಜಮಾನರು ಫ್ಯಾನಿನ ಕೆಳಗೆ ಕುಳಿತು ಹೊಸ ಬಾಟಲಿಯ ಮುಚ್ಚಳ ತಿರುಗಿಸಿ ನೋಡುತ್ತಿದ್ದರು. ಅವಳು ಪೀಠಿಕೆ ಹಾಕಲಿಲ್ಲ.

“ನನ್ನ ತಂಗಿ ಮಗಳು ಬಸುರಿ. ಅವಳು ಚಮಚ ಮುಟ್ಟೋ ಹಾಗಿಲ್ಲ.”

“ಒಳ್ಳೇ ಸುದ್ದಿ ಕಣಮ್ಮ. ಅದಕ್ಕೂ ಇದಕ್ಕೂ ಏನು?”

“ಡಬ್ಬಿ ಮೇಲೆ ನೀವೇ ಅಚ್ಚು ಹಾಕ್ಸಿದ್ದೀರಲ್ಲ, ಗಬ್ಬದ ದನಕ್ಕೆ ಬೇಡ ಅಂತ.”

“ದನಕ್ಕೆ ಸೀಸೆಗಟ್ಲೆ ಹೊಯ್ತಾರೆ. ಇವಳು ಕುಡಿಯೋದು ಒಂದು ಚಮಚ.”

“ಕುಡಿಯೋ ದನ ಎಷ್ಟು ದಪ್ಪ, ಈ ಹುಡುಗಿ ಎಷ್ಟು ದಪ್ಪ? ದನಕ್ಕೆ ವರ್ಷಕ್ಕೊಂದು ಸಲ, ಇವಳಿಗೆ ದಿನಾ!”

“ಏನಾಗಲ್ಲ ಸುಮ್ನಿರು” ಎಂದು ಯಜಮಾನರು ಮುಚ್ಚಳವನ್ನು ಮೇಜಿನ ಮೇಲಿಟ್ಟರು. “ಇಷ್ಟು ವರ್ಷ ನೀನೂ ಕುಡಿದೆ. ನಿನಗೇನಾಯ್ತು?”

ಹೇಳಿದ ಮೇಲೆ ಏನು ಹೇಳಿದೆ ಎಂದು ಅವರಿಗೇ ತಿಳಿಯಿತು. ಗಂಟಲು ಸರಿಮಾಡಿಕೊಂಡರು, ನೀರು ಕುಡಿದರು. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಬೈಗುಳ ಸಿಗಲಿಲ್ಲ. ಯಜಮಾನರು ದನಿ ತಗ್ಗಿಸಿ, ಔಷಧಿಯಲ್ಲಿ ದೋಷ ಎಂದು ಹೊರಗೆ ಸುದ್ದಿ ಹೋದರೆ ಇಲ್ಲಿಯ ಎಲ್ಲರ ಮನೆಯ ಒಲೆಯೂ ಆರುತ್ತದೆ, ಹುಡುಗಿಗೆ ಭಯವಿದ್ದರೆ ಬಿಡಲಿ, ಆದರೆ ಪಟ್ಟಿ ಅಂಟಿಸುವ ಜಾಗಕ್ಕೆ ಆಗಲೇ ಬೇರೆಯವಳನ್ನು ಗೊತ್ತು ಮಾಡಿಯಾಯಿತು ಎಂದು ನಿಧಾನವಾಗಿ ಹೇಳಿದರು. ಎಲ್ಲವನ್ನೂ ಬೆಣ್ಣೆ ಹಚ್ಚಿಯೇ ಹೇಳಿದರು.

ವಿಷಯ ಹುಡುಗಿಯ ಕಿವಿಗೂ ಬಿತ್ತು. ಸಂಜೆ ಗೇಟಿನ ಹೊರಗೆ ದೊಡ್ಡಮ್ಮನನ್ನು ತಡೆದು ನಿಲ್ಲಿಸಿದಳು.

“ಯಾರಿಗೂ ಹೇಳ್ಬೇಡ ಅಂದಿದ್ದೆ. ಮೊದಲು ಹೋಗಿ ಅವರಿಗೇ ಹೇಳಿದೆ!”

“ನಿನ್ನ ಹೊಟ್ಟೆ ಉಳಿಸೋಕೆ ಹೇಳ್ದೆ ಕಣೇ. ಅದನ್ನ ಕುಡೀಬೇಡ. ಕೆಲಸ ಹಾಳಾಗಿ ಹೋಗ್ಲಿ.”

“ಹಾಳಾಗಿ ಹೋಗ್ಲಿ ಅನ್ನೋಕೆ ನಿನಗೇನು? ನನ್ನ ಗಂಡನಿಗೆ ಮಳೆಗಾಲದಲ್ಲಿ ಕೆಲಸಾನೇ ಇರಲ್ಲ. ಯಜಮಾನ್ರು ಏನೂ ಆಗಲ್ಲ ಅಂದಿದ್ದಾರೆ. ಅಷ್ಟು ದೊಡ್ಡೋರು ಸುಳ್ಳು ಹೇಳ್ತಾರಾ? ಒಂದು ಚಮಚ ತಾನೆ!”

“ನನ್ನ ನೋಡೇ.”

“ನೋಡ್ತಾನೇ ಇದ್ದೀನಿ. ಆ ಸ್ಟೂಲಿಂದ ಇಳಿಯೋಕೆ ನಿನಗೆ ಮನಸ್ಸಿಲ್ಲ. ಅಲ್ಲದೆ ನಿನಗೆ ಇಲ್ಲದ್ದು ನನಗೆ…”

ಮುಂದಿನದನ್ನು ಹುಡುಗಿ ನುಂಗಿಕೊಂಡಳು. ಆದರೆ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಜೋರಾಗಿ ಕೇಳಿಸಿತು. ಅವಳು ಸೆರಗು ಬಿಗಿದುಕೊಂಡು ಹಿಂತಿರುಗಿ ನೋಡದೆ ಹೋದಳು. ಹುಡುಗಿಯ ಮೇಲೆ ಕೋಪ ಮಾಡಿಕೊಳ್ಳಬೇಕೆಂದರೂ ನಾಲಿಗಕ್ಕನಿಂದ ಆಗಲಿಲ್ಲ. ಇದೇ ವಯಸ್ಸಿನಲ್ಲಿ ಯಾರಾದರೂ ತನ್ನ ಕೈಯಿಂದ ಚಮಚ ಕಿತ್ತುಕೊಳ್ಳಲು ಬಂದಿದ್ದರೆ ತಾನು ಅವರ ಕೈ ಕಚ್ಚುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಕೋಪವೆಲ್ಲ ಯಜಮಾನರ ಕೋಣೆಯ ಕಡೆಗೆ ತಿರುಗಿತು. ಹೊಟ್ಟೆಪಾಡಿಗೂ ಹೊಟ್ಟೆಯಲ್ಲಿರುವ ಕೂಸಿಗೂ ನಡುವೆ ಒಂದನ್ನು ಆರಿಸಿಕೋ ಎಂದು ಹುಡುಗಿಗೆ ನಗುನಗುತ್ತ ಹೇಳಿದ್ದು ಯಾರು?

ವ್ಯಾಪಾರಿಗಳು ಬಂದರು. ಕಾರ್ಖಾನೆ ತೊಳೆದು, ಕೊಪ್ಪರಿಗೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದರು. ನಡುವಿನ ಕೊಪ್ಪರಿಗೆಯ ಎದುರು ಕುರ್ಚಿ ಹಾಕಿತ್ತು. ಮೊದಲೇ ತಿಳಿಸಿದ್ದ ಹಾಗೆ ಯಜಮಾನರ ಸೊಸೆಯೂ ಬಂದಿದ್ದಳು. ಜಾಹೀರಾತಿನ ಕೆಲಸವೆಲ್ಲ ಅವಳದು, ಪೇಟೆಯ ಕಚೇರಿಯಲ್ಲಿ ಕೂತು ನೋಡಿಕೊಳ್ಳುವವಳು, ಕೊಪ್ಪರಿಗೆಯ ಕಡೆ ಬಂದದ್ದೇ ಅಪರೂಪ. ಈಚೆಗೆ ಗಾಜಿನ ಬಾಟಲಿಯ ಮೇಲೆ ನಗುವ ಮುಖವೂ ಅವಳದೇ. ತುಂಬಿದ ಬಸುರಿ. ಯಜಮಾನರೇ ಕೈಯಾರೆ ಅವಳ ಬೆನ್ನಿಗೆ ದಿಂಬು ಇಟ್ಟು, ಹೊಗೆ ತಾಗದ ಕಡೆ ಕುರ್ಚಿ ಸರಿಸಿ ಕೂರಿಸಿದರು. ನಾಲಿಗಕ್ಕ ದೂರದಿಂದ ಅದನ್ನು ನೋಡಿದಳು.

ಯಜಮಾನರು ಮಾತಿಗೆ ನಿಂತರು. ಗಿಡಮೂಲಿಕೆಯ ಮಹಿಮೆ, ಹಿರಿಯರ ಜ್ಞಾನ, ದನಕರುಗಳ ಮೇಲೂ ಹೆಣ್ಣುಮಕ್ಕಳ ಮೇಲೂ ತಮಗಿರುವ ಪ್ರೀತಿ, ಎಲ್ಲ ಬಂತು. “ಬೇರೆಯವರ ಹತ್ತಿರ ಮಿಶಿನ್ ಇರಬಹುದು. ನಮ್ಮ ಹತ್ತಿರ ನಾಲಿಗೆ ಇದೆ. ನಮ್ಮವರು ಕುಡಿದು ಒಪ್ಪದೇ ಇರೋದನ್ನ ನಾವು ಯಾರಿಗೂ ಕೊಡಲ್ಲ. ದನಕ್ಕೂ ಕೊಡಲ್ಲ.” ವ್ಯಾಪಾರಿಗಳು ಚಪ್ಪಾಳೆ ತಟ್ಟಿದರು. “ಈಗ ಹಳೇ ನಾಲಿಗೆ ಹೊಸ ನಾಲಿಗೆಗೆ ಚಮಚ ಕೊಡುತ್ತೆ” ಎಂದು ಅವರು ಕೈ ತೋರಿಸಿದರು.

ಹುಡುಗಿ ಹೊಸ ಸೀರೆಯುಟ್ಟು ಸ್ಟೂಲಿನ ಪಕ್ಕ ನಿಂತಿದ್ದಳು. ದೊಡ್ಡಮ್ಮನ ಮುಖ ನೋಡಲಿಲ್ಲ. ಕೊಪ್ಪರಿಗೆಯವನು ಮುಚ್ಚಳ ತೆಗೆದ. ನಾಲಿಗಕ್ಕ ಚಮಚ ಅದ್ದಿ ತೆಗೆದಳು, ಕಪ್ಪು ರಸ ತುಳುಕದ ಹಾಗೆ ಹಿಡಿದಳು, ಬಾಯಿಂದ ಊದಿ ಆರಿಸಿದಳು. ಹುಡುಗಿ ಕೈ ಚಾಚಿದಳು.

ನಾಲಿಗಕ್ಕ ಅವಳನ್ನು ದಾಟಿಕೊಂಡು ಹೋದಳು. ಕುರ್ಚಿಗಳ ಸಾಲಿಗೆ ಹೋಗಿ ಯಜಮಾನರ ಸೊಸೆಯ ಮುಂದೆ ಬಗ್ಗಿ ನಿಂತಳು. ಚಮಚದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು. ಏನೇ ಆಗಲಿ, ಆ ರಸ ಆ ತುಟಿಗೆ ಮುಟ್ಟಬಾರದು ಎಂದು ಅವಳು ಹಿಂದಿನ ದಿನವೇ ನಿಶ್ಚಯ ಮಾಡಿಕೊಂಡಿದ್ದಳು.

“ಅಮ್ಮಾ, ಬಾಟಲಿ ಮೇಲೆ ಇರೋದು ನಿಮ್ಮ ಮುಖ. ಎಲ್ಲ ಹೆಂಗಸರಿಗೂ, ಎಲ್ಲ ಕಾಲಕ್ಕೂ ಅಂತ ಬರೆದೋರೂ ನೀವೇ. ಮೊದಲ ಚಮಚ ನೀವು ಕುಡಿದ್ರೆ ಇವ್ರಿಗೂ ನಂಬಿಕೆ ಬರುತ್ತೆ.”

ಸೊಸೆಗೆ ಏನೂ ಗೊತ್ತಿರಲಿಲ್ಲ. ಅವಳು ನಕ್ಕಳು, ಬಾಟಲಿಯ ಮೇಲಿನ ಅದೇ ನಗು. “ಅದಕ್ಕೇನಂತೆ, ಕೊಡಿ” ಎಂದು ಕೈ ಮುಂದೆ ಮಾಡಿದಳು.

“ಬೇಡ!”

ಯಜಮಾನರು ಎರಡು ಕುರ್ಚಿ ಬೀಳಿಸಿಕೊಂಡು ಬಂದಿದ್ದರು. ನಾಲಿಗಕ್ಕನ ಕೈಗೆ ಎಂಥ ಏಟು ಕೊಟ್ಟರೆಂದರೆ ಚಮಚ ಹಾರಿ ಕೊಪ್ಪರಿಗೆಗೆ ಬಡಿದು ಠಣ್ಣೆಂದಿತು. ರಸ ಅವರ ಬಿಳಿ ಅಂಗಿಯ ಮೇಲೆ ಚೆಲ್ಲಿತು.

“ತಲೆ ಕೆಟ್ಟಿದೆಯಾ ನಿನಗೆ? ಬಸುರಿ ಅವಳು! ಕಣ್ಣು ಕಾಣಲ್ವಾ? ಬಸುರಿಗೆ ಇದನ್ನ ಕೊಡ್ತಾರಾ ಯಾರಾದ್ರೂ?”

ಹೇಳಿ ಮುಗಿಸಿದ ಮೇಲೆ ಅವರ ಬಾಯಿ ತೆರೆದೇ ಉಳಿಯಿತು. ಪಟ್ಟಿ ಅಂಟಿಸುವ ಹೆಂಗಸರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಒಬ್ಬಳ ಕೈ ತನಗೇ ಗೊತ್ತಿಲ್ಲದೆ ಬಾಯಿಯ ಮೇಲೆ ಹೋಗಿತ್ತು. ಕೊಪ್ಪರಿಗೆಯವನು ತಲೆ ತಗ್ಗಿಸಿದ. ಸ್ಟೂಲಿನ ಪಕ್ಕ ನಿಂತಿದ್ದ ಹುಡುಗಿ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಸೊಸೆ ಆ ಕೈಯನ್ನು ನೋಡಿದಳು. ಆಮೇಲೆ ಮಾವನ ಕಡೆ ತಿರುಗಿದಳು.

“ಮಾವ, ಈ ಹುಡುಗಿನೂ ಬಸುರಿಯಾ? ನಿಮಗೆ ಗೊತ್ತಿತ್ತಾ?”

ಯಜಮಾನರು ಅಂಗಿಯ ಮೇಲಿನ ಕಲೆಯನ್ನು ಕರವಸ್ತ್ರದಿಂದ ಒರೆಸಿಕೊಳ್ಳತೊಡಗಿದರು. ಒರೆಸಿದಷ್ಟೂ ಕಲೆ ದೊಡ್ಡದಾಯಿತು.

ನಾಲಿಗಕ್ಕ ಕೂಗಾಡುತ್ತಾಳೆ ಎಂದು ಎಲ್ಲರೂ ಕಾದರು. ಅವಳಿಗೆ ಗೊತ್ತಿದ್ದ ಬೈಗುಳಗಳೆಲ್ಲ ಗಂಟಲಿನವರೆಗೆ ಬಂದೂ ಇದ್ದವು. ಗೊತ್ತಿಲ್ಲದೆ ಮಾಡಿದ್ದರೆ, ಹಣೆಬರಹ ಎಂದು ಇನ್ನಷ್ಟು ವರ್ಷ ಅತ್ತುಕೊಂಡು ಇರುತ್ತಿದ್ದಳು. ಇವನಿಗೆ ಗೊತ್ತಿತ್ತು. ಬಾಟಲಿಗಳ ಪೆಟ್ಟಿಗೆ ಮನೆಗೆ ಕಳಿಸುವಾಗಲೂ ಗೊತ್ತಿತ್ತು. ಅವಳು ಕೆಂಪಾಗಿ ಬಾತುಕೊಳ್ಳುತ್ತಿದ್ದ ತನ್ನ ಬಲಗೈಯನ್ನು ಎತ್ತಿ ಅವರ ಮುಖದ ಮುಂದೆ ಹಿಡಿದಳು. ದನಿ ಒಡೆದಿತ್ತು, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ.

“ಈ ಏಟು ನಂಗೆ ಆವತ್ತು ಹೊಡೀಬೇಕಾಗಿತ್ತು ಕಣಯ್ಯ. ಒಂದೇ ಒಂದು ಸಲ ಹೀಗೆ ಓಡಿ ಬಂದು ನನ್ನ ಕೈಗೆ ಹೊಡೆದು ಬೇಡ ಅಂದಿದ್ರೆ, ಇವತ್ತು ನನ್ನನ್ನೂ ಯಾರಾದ್ರೂ ಅಮ್ಮ ಅಂತಿದ್ರು.”

ಹುಡುಗಿ ಬಂದು ಆ ಬಾತ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಬ್ಬರೂ ಬಾಗಿಲ ಕಡೆ ನಡೆದರು. ಪಟ್ಟಿ ಅಂಟಿಸುವ ಹೆಂಗಸರು ದಾರಿ ಬಿಟ್ಟರು, ಆಮೇಲೆ ಒಬ್ಬೊಬ್ಬರಾಗಿ ಅವರ ಹಿಂದೆಯೇ ಹೊರಟರು. ಒಳಗೆ ನಡುವಿನ ಕೊಪ್ಪರಿಗೆ ಹದ ಮೀರಿ ಸೀಯುತ್ತಿತ್ತು. ಬೆಂಕಿ ಆರಿಸು ಎಂದು ಹೇಳುವವರು ಯಾರೂ ಇರಲಿಲ್ಲ.